ಮರ ಕಡಿಯುವ ಮೊದಲು ಹತ್ತು ನಿಮಿಷ ಯಾರು ಕೊಡಬೇಕು?

ಪೆರ್ಲದ ಗುಡ್ಡೆಮನೆ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಬರೆಯಬೇಕು ಅಂತ ಕೂತು ಎದ್ದು ಹೋಗುತ್ತಿದ್ದೆ. ಇವತ್ತು ಬರೆಯುತ್ತಿದ್ದೇನೆ. ಉದ್ದ ಆಗಬಹುದು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಗುಡ್ಡೆ ಜಾಗ. ಅಪ್ಪ ನೆಟ್ಟ ರಬ್ಬರ್, ಇಪ್ಪತ್ತೆಂಟು ವರ್ಷದ್ದು. ಹಾಲು ಕಡಿಮೆ ಆಯಿತು. ಕಡಿಸಿ ಹೊಸ ಗಿಡ ಇಡೋಣ ಎಂದು ಒಬ್ಬ ವ್ಯಾಪಾರಿಗೆ ನಿಂತ ಮರದ ಲೆಕ್ಕದಲ್ಲಿ ಕೊಟ್ಟೆವು. ಮೂರನೇ ದಿನ ಒಂದು ಮರ ಬೀಳುತ್ತಾ ಪಕ್ಕದ ಮರದ ಕವಲಿಗೆ ಸಿಕ್ಕಿಕೊಂಡು ನಿಂತಿತು. ಮರ ಕಡಿಯುವ ಮೆಷಿನ್ (ಚೈನ್ ಗರಗಸ) ಹಿಡಿದ ಹುಡುಗ ಅದರ ಕೆಳಗೇ ಹೋದ. ಅದನ್ನು ತಡೆದು ನಿಲ್ಲಿಸಿದ್ದ ಮರವನ್ನೇ ಕಡಿಯಲು ಶುರು ಮಾಡಿದ. ಅರ್ಧ ಆಗುವಾಗ ಎರಡೂ ಒಟ್ಟಿಗೆ ಬಂದವು. ಅವನ ತೊಡೆಯ ಎಲುಬು ಮುರಿಯಿತು.

ಝಾರ್ಖಂಡದ ಹುಡುಗ. ಇಪ್ಪತ್ತನಾಲ್ಕು ವರ್ಷ. ತಲೆಗೆ ಕಟ್ಟಿದ್ದು ಒಂದು ಬೈರಾಸು, ಕಾಲಿಗೆ ಹವಾಯಿ ಚಪ್ಪಲಿ. ನಾಲ್ಕು ಜನ ಸೇರಿ ಹಲಗೆಯ ಮೇಲೆ ಮಲಗಿಸಿ ಗುಡ್ಡೆ ಇಳಿಸಿದೆವು. ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಎಂದು ಫೋನಿನಲ್ಲಿ ಸರಿಯಾಗಿ ಹೇಳಲು ನನಗೇ ಬಾಯಿ ಬರಲಿಲ್ಲ. ಮಂಗಳೂರು ಮುಟ್ಟುವಾಗ ಕತ್ತಲೆ. ಕಾಲಿಗೆ ರಾಡ್ ಹಾಕಿದ್ದಾರೆ. ಜೀವ ಉಳಿಯಿತು.

ನನ್ನನ್ನು ಕೊರೆಯುತ್ತಿರುವುದು ಒಂದೇ. ಮೂರು ದಿನವೂ ಬೆಳಿಗ್ಗೆ ನಾನು ಅವರಿಗೆ ಹೇಳಿದ್ದು "ಮಳೆಗೆ ಮೊದಲು ಮುಗಿಸಿ" ಎಂಬ ಮಾತು ಮಾತ್ರ. ಚಹಾ ಕೊಟ್ಟಿದ್ದೇನೆ, ಊಟ ಕೊಟ್ಟಿದ್ದೇನೆ. ಜಾಗ್ರತೆಯ ಒಂದು ಮಾತು ಹೇಳಿಲ್ಲ.

ಹೇಳುವುದಾದರೂ ಯಾವ ಭಾಷೆಯಲ್ಲಿ? ಮೇಸ್ತ್ರಿಗೆ ಮಲಯಾಳ. ನನಗೆ ತುಳು, ಕನ್ನಡ. ಹುಡುಗರು ತಮ್ಮೊಳಗೆ ಸಂತಾಲಿ, ನಮ್ಮ ಹತ್ತಿರ ನಾಲ್ಕು ಶಬ್ದ ಹಿಂದಿ. ಮೆಷಿನ್ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ. ಇನ್ನು ಅರ್ಧ ಗುಡ್ಡೆ ಬಾಕಿ ಇದೆ. ಹಾಗೇ ಕಡಿಸಲು ಮನಸ್ಸು ಒಪ್ಪುವುದಿಲ್ಲ. ಗೊತ್ತಿದ್ದವರು ಹೇಳಿ.

ಮುಳ್ಳೇರಿಯಾ ಮಾಷ್ಟ್ರು

ಓದಿ ತುಂಬಾ ಬೇಜಾರಾಯಿತು. ಹುಡುಗ ಬೇಗ ಗುಣವಾಗಲಿ.

ನನ್ನ ಅಜ್ಜನ ಕಾಲದಲ್ಲಿ ದೊಡ್ಡ ಹಲಸಿನ ಮರ ಒಂದಕ್ಕೆ ಅರ್ಧ ದಿನ ಬೇಕಿತ್ತು. ಕೊಡಲಿ, ಇಬ್ಬರು ಹಿಡಿಯುವ ಗರಗಸ. ಮೊದಲು ಸುತ್ತ ಕಾಡು ಸವರುತ್ತಿದ್ದರು. ಮರಕ್ಕೆ ಮೂರು ಸುತ್ತು ಬಂದು ಮೇಲೆ ನೋಡುತ್ತಿದ್ದರು. ಮಧ್ಯೆ ಎಲೆ ಅಡಿಕೆ ಹಾಕಲು ಕೂರುವಾಗ ಪುನಃ ಮೇಲೆ ನೋಡುತ್ತಿದ್ದರು. ಕೆಲಸ ನಿಧಾನ ಇದ್ದದ್ದರಿಂದ ಯೋಚನೆಗೆ ಹೊತ್ತು ತಾನಾಗಿ ಸಿಗುತ್ತಿತ್ತು. ಈಗ ಮೆಷಿನ್ ಎರಡು ನಿಮಿಷದಲ್ಲಿ ಮರ ಮುಗಿಸುತ್ತದೆ. ಆ ಹೊತ್ತನ್ನು ನಾವೇ ಬೇರೆಯಾಗಿ ಇಟ್ಟುಕೊಳ್ಳಬೇಕು, ಅಲ್ವಾ?

ಅಡೂರಿನ ಮೆಷಿನ್ ಕೆಲಸದವ

ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹದಿನೇಳು ವರ್ಷದಿಂದ ಮೆಷಿನ್ ಹಿಡಿಯುತ್ತಿದ್ದೇನೆ. ಗುಡ್ಡೆಮನೆ ಅಣ್ಣ, ನಿಮ್ಮಲ್ಲಿ ಆದದ್ದು ಈ ಕೆಲಸದಲ್ಲಿ ಅತಿ ಕೆಟ್ಟ ತಪ್ಪು. ಸಿಕ್ಕಿಕೊಂಡ ಮರದ ಅಡಿಗೆ ಹೋಗಬಾರದು. ಅದನ್ನು ತಡೆದು ನಿಂತ ಮರವನ್ನು ಕಡಿಯಬಾರದು. ಅದರ ಮೇಲೆ ಇನ್ನೊಂದು ಮರ ಬೀಳಿಸಿ ಬಿಡಿಸುವುದೂ ಬೇಡ. ದೂರದಿಂದ ಹಗ್ಗ ಕಟ್ಟಿ, ಕೈ ವಿಂಚ್ (ಕೈಯಿಂದ ನಡೆಸುವ ಎಳೆಯುವ ಸಾಧನ) ಹಾಕಿ ಬುಡವನ್ನು ಹಿಂದಕ್ಕೆ ಎಳೆಯಬೇಕು. ಆಗದಿದ್ದರೆ ಸುತ್ತ ಹಗ್ಗ ಕಟ್ಟಿ, ಯಾರೂ ಹತ್ತಿರ ಹೋಗದ ಹಾಗೆ ಮಾಡಿ ಜೆಸಿಬಿ ಬರುವವರೆಗೆ ಬಿಡಬೇಕು. ಅರ್ಧ ದಿನ ಹೋದರೆ ಹೋಗಲಿ.

ಮರ ಹೇಗೆ ಬೀಳುತ್ತದೆ ಎಂದು ಮಾಲೀಕರಿಗೂ ಗೊತ್ತಿರಬೇಕು. ಗೊತ್ತಿದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ. ಅದಕ್ಕೆ ಬರೆಯುತ್ತೇನೆ.

ಬೀಳಬೇಕಾದ ಬದಿಯಲ್ಲಿ ಮೊದಲು ಬಾಯಿ ತೆಗೆಯುತ್ತೇವೆ, ಅಂದರೆ ಬಾಯಿ ತೆರೆದ ಹಾಗೆ ಒಂದು ತುಂಡು ಕಡಿದು ತೆಗೆಯುತ್ತೇವೆ. ಮರದ ದಪ್ಪದ ಕಾಲು ಭಾಗದಷ್ಟು ಆಳ. ಆಮೇಲೆ ಹಿಂದಿನಿಂದ, ಬಾಯಿಯ ಅಡಿಯ ಗೆರೆಗಿಂತ ಸ್ವಲ್ಪ ಮೇಲೆ ಕಡಿಯುತ್ತಾ ಬರುತ್ತೇವೆ. ಪೂರ್ತಿ ಕಡಿಯಬಾರದು. ನಡುವೆ ಒಂದು ಪಟ್ಟಿ ಉಳಿಯಬೇಕು. ಒಂದು ಅಡಿ ದಪ್ಪದ ಮರಕ್ಕೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಅದೇ ಬಾಗಿಲಿನ ಬಿಜಾಗರಿಯ ಹಾಗೆ. ಮರ ಅದರ ಮೇಲೆ ತಿರುಗಿ ಹೇಳಿದ ಕಡೆಗೆ ಬೀಳುತ್ತದೆ. ಅವಸರದಲ್ಲಿ ಆ ಪಟ್ಟಿಯನ್ನೂ ಕಡಿದು ಹಾಕಿದರೆ ಮರ ಬುಡದಲ್ಲಿ ತಿರುಗುತ್ತದೆ. ಎಲ್ಲಿಗೆ ಬೀಳುತ್ತದೆ ಎಂದು ಹೇಳಲು ಆಗುವುದಿಲ್ಲ.

ಬಾಗಿ ನಿಂತ ಮರ ಇನ್ನೂ ಅಪಾಯ. ಬಾಗಿದ ಕಡೆ ಸಣ್ಣ ಬಾಯಿ ತೆಗೆದು ಹಿಂದಿನಿಂದ ಕಡಿಯುತ್ತಾ ಬಂದರೆ ಮರ ನಡುವೆ ಉದ್ದಕ್ಕೆ ಸೀಳುತ್ತದೆ. ಸೀಳಿದ ತುಂಡು ಹಿಂದೆ ನಿಂತವನ ಎದೆಗೆ ಹೊಡೆಯುತ್ತದೆ. ಮೇಂಜಿಯಂ (ಅಕೇಶಿಯಾದ ಒಂದು ಜಾತಿ) ಮರ ಹೊರಗೆ ಗಟ್ಟಿ ಕಂಡರೂ ಒಳಗೆ ತಿರುಳು ಕೊಳೆತು ಟೊಳ್ಳು ಇರಬಹುದು. ಕೊಡಲಿಯ ಹಿಂಬದಿಯಲ್ಲಿ ತಟ್ಟಿ ಸದ್ದು ಕೇಳಿ.

ಓಡುವ ದಾರಿ ಮೊದಲೇ ಸವರಿ ಇಡಬೇಕು. ಮರ ಬೀಳುವ ದಿಕ್ಕಿಗೆ ನೇರ ಹಿಂದೆ ಅಲ್ಲ, ಹಿಂದಕ್ಕೆ ಓರೆಯಾಗಿ ಎಡಕ್ಕೊಂದು, ಬಲಕ್ಕೊಂದು. ಬಳ್ಳಿ, ಕಲ್ಲು, ಕುತ್ತಿ (ಕಡಿದ ಗಿಡದ ಮೋಟು) ಇರಬಾರದು. ಮರ ಅಲುಗಿದ ಕೂಡಲೇ ಮೆಷಿನ್ ಆಫ್ ಮಾಡಿ ಆ ದಾರಿ ಹಿಡಿಯಬೇಕು. ಉಳಿದವರು ಮರದ ಎತ್ತರದ ಎರಡರಷ್ಟು ದೂರ ನಿಲ್ಲಬೇಕು. ಅರುವತ್ತು ಅಡಿ ಮರ ಆದರೆ ನೂರಿಪ್ಪತ್ತು ಅಡಿ. ನಮ್ಮಲ್ಲಿ ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ಮಾಡಲು ಹತ್ತಿರ ಬರುತ್ತಾರೆ. ಕೈ ಮುಗಿದು ಹೇಳುತ್ತೇನೆ, ಬರಬೇಡಿ.

ಸೀತಾಂಗೋಳಿಯಿಂದ ಒಬ್ಬ

ತುಂಬ ಚೆನ್ನಾಗಿ ಬರೆದಿದ್ದೀರಿ ಅಣ್ಣ. ಒಂದು ಸೇರಿಸುತ್ತೇನೆ. ಕರೆಂಟಿನ ಲೈನ್ ಹತ್ತಿರ ಇದ್ದರೆ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ. "ಮುಟ್ಟುವುದಿಲ್ಲ, ಹಗ್ಗ ಇದೆ" ಎನ್ನುವ ಮಾತು ಬೇಡ. ಒದ್ದೆ ಹಗ್ಗದಲ್ಲೂ ಕರೆಂಟು ಬರುತ್ತದೆ.

ಮರದ ವ್ಯಾಪಾರದವ, ಬೋವಿಕ್ಕಾನ

ನಾನು ವ್ಯಾಪಾರ ಮಾಡುವವನು. ನನ್ನ ಮಾತನ್ನೂ ಕೇಳಿ.

ಮಾಲೀಕರು ಟನ್ನಿಗೆ ನೂರು ರೂಪಾಯಿಗೂ ಚರ್ಚೆ ಮಾಡುತ್ತಾರೆ. ಇನ್ನೊಬ್ಬ ವ್ಯಾಪಾರಿ ಜಾಸ್ತಿ ಹೇಳಿದರೆ ಅವನಿಗೇ ಕೊಡುತ್ತಾರೆ. ಹೆಲ್ಮೆಟ್, ಕಾಲಿನ ಕವಚ, ಬೂಟು, ಕಿವಿಗೆ ಹಾಕುವುದು ಇದೆಲ್ಲ ನಾಲ್ಕು ಜನಕ್ಕೆ ತೆಗೆದರೆ ಆ ದುಡ್ಡು ಎಲ್ಲಿಂದ? ತೆಗೆದು ಕೊಟ್ಟೆ ಅಂತಲೇ ಇಟ್ಟುಕೊಳ್ಳಿ. ಮಾರ್ಚಿನ ಸೆಕೆಗೆ ಯಾರು ಹಾಕುತ್ತಾರೆ? ನಾನು ಒಮ್ಮೆ ಎರಡು ಕವಚ ತಂದೆ. ಎರಡನೇ ದಿನ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಹುಡುಗರು ಕೆಟ್ಟವರಲ್ಲ. ಅವರಿಗೆ ಮರದ ಲೆಕ್ಕದಲ್ಲಿ ದುಡ್ಡು. ಎಷ್ಟು ಬೇಗ, ಅಷ್ಟು ಲಾಭ.

ಅಡೂರಿನ ಮೆಷಿನ್ ಕೆಲಸದವ

ಭಾವ, ನೀವು ಹೇಳಿದ್ದು ಸುಳ್ಳಲ್ಲ. ಸೆಕೆ ಆಗುತ್ತದೆ. ಬೆವರಿ ತೊಡೆ ಉರಿಯುತ್ತದೆ. ಆದರೂ ನಾನು ಹಾಕುತ್ತೇನೆ. ಯಾಕೆ ಎಂದು ಹೇಳುತ್ತೇನೆ.

ಆರು ವರ್ಷದ ಹಿಂದೆ ಬಿದ್ದ ಮರದ ಕೊಂಬೆ ಸವರುತ್ತಿದ್ದೆ. ಬ್ಲೇಡಿನ ತುದಿಯ ಮೇಲಿನ ಭಾಗ ಇನ್ನೊಂದು ಕೊಂಬೆಗೆ ತಾಗಿತು. ತಾಗಿದ ಕೂಡಲೇ ಮೆಷಿನ್ ಮೇಲಕ್ಕೆ ಚಿಮ್ಮಿ ತಿರುಗಿ ಬಂತು. ಎಡ ತೊಡೆಗೆ ಬಿತ್ತು. ಕವಚದ ಬಟ್ಟೆ ಹರಿದು ಒಳಗಿನ ಉದ್ದ ಉದ್ದ ನೂಲು ಹೊರಗೆ ಬಂದು ಚೈನಿಗೆ ಸುತ್ತಿಕೊಂಡಿತು. ಮೆಷಿನ್ ಅಲ್ಲೇ ನಿಂತಿತು. ಚರ್ಮಕ್ಕೆ ಒಂದು ಗೀರೂ ಇಲ್ಲ. ಆ ಕವಚ ಈಗಲೂ ಮನೆಯಲ್ಲಿ ಇದೆ. ಹೊಸ ಹುಡುಗರು ಬಂದರೆ ತೋರಿಸುತ್ತೇನೆ. ಸುಮ್ನೆ ಹಾಕಿ ಎಂದರೆ ಹಾಕುವುದಿಲ್ಲ. ಅದನ್ನು ಮುಟ್ಟಿ ನೋಡಿದ ಮೇಲೆ ಹಾಕುತ್ತಾರೆ.

ಮೆಷಿನ್ ಹಿಡಿದಾಗ ಮಾತ್ರ ಹಾಕಿದರೆ ಸಾಕು. ಲೋಡ್ ಮಾಡುವಾಗ ತೆಗೆಯಲಿ. ಮೆಷಿನಿನ ಮುಂಭಾಗದ, ಚೈನ್ ನಿಲ್ಲಿಸುವ ಬ್ರೇಕ್ ಕೆಲಸ ಮಾಡುತ್ತದಾ ಎಂದು ದಿನಾ ಬೆಳಿಗ್ಗೆ ನೋಡಬೇಕು. ಹಳೆಯ ಮೆಷಿನಿನಲ್ಲಿ ಆ ಬ್ರೇಕನ್ನೇ ಕಿತ್ತು ಹಾಕಿದ್ದನ್ನು ನಾನು ಕಂಡಿದ್ದೇನೆ. ಅಂಥ ಮೆಷಿನ್ ಗುಡ್ಡೆಗೆ ಹತ್ತಿಸಲೇಬೇಡಿ.

ಮತ್ತೆ, ಮರದ ಲೆಕ್ಕದ ಕೂಲಿ. ಅಪಾಯದ ಬೇರು ಅಲ್ಲೇ ಇದೆ.

ಬದಿಯಡ್ಕದ ನರ್ಸಕ್ಕ

ಆಸ್ಪತ್ರೆಗೆ ಬರುವ ಕಡೆಯಿಂದ ನಾನು ಹೇಳುತ್ತೇನೆ.

ರಕ್ತ ಜೋರಾಗಿ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಎರಡೂ ಕೈಯಲ್ಲಿ ಗಟ್ಟಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ತೆಗೆಯಬೇಡಿ, ಅದರ ಮೇಲೆ ಇನ್ನೊಂದು ಇಟ್ಟು ಒತ್ತಿ. ಕಾಫಿ ಪುಡಿ, ಅರಶಿನ, ಸುಣ್ಣ ಯಾವುದೂ ಬೇಡ. ಕೊಂಬೆಯ ಚೂರು ಒಳಗೆ ಚುಚ್ಚಿದ್ದರೆ ಕೀಳಬೇಡಿ. ಎಲುಬು ಮುರಿದಿದ್ದರೆ ನೆಟ್ಟಗೆ ಮಾಡಲು ಎಳೆಯಬೇಡಿ. ಇದ್ದ ಹಾಗೇ ಎರಡು ಬದಿಗೆ ಮರದ ಪಟ್ಟಿ ಇಟ್ಟು ಕಟ್ಟಿ. ಬೆನ್ನಿಗೆ, ಕುತ್ತಿಗೆಗೆ ಪೆಟ್ಟಾಗಿದೆ ಎಂದು ಅನುಮಾನ ಇದ್ದರೆ ಕೂರಿಸಿ ಬೈಕಿನಲ್ಲಿ ತರಬೇಡಿ. ಗುಡ್ಡೆಮನೆ ಅಣ್ಣ ಹಲಗೆಯಲ್ಲಿ ಮಲಗಿಸಿ ತಂದದ್ದು ಒಳ್ಳೆಯದೇ ಆಯಿತು.

108ಕ್ಕೆ ಫೋನ್ ಮಾಡುವಾಗ ದಾರಿ ಹೇಳಲು ಆಗದೆ ಹೋದದ್ದು ನಿಮ್ಮೊಬ್ಬರ ಕಥೆ ಅಲ್ಲ. ಎಲ್ಲರದೂ ಅದೇ. ಕೆಲಸ ಶುರು ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ. ಗಾಡಿ ಎಲ್ಲಿಯವರೆಗೆ ಬರುತ್ತದೆ, ಗುರುತಿಗೆ ಯಾವ ಭಜನಾ ಮಂದಿರ, ಯಾವ ಅಂಗಡಿ, ಗುಡ್ಡೆಯಲ್ಲಿ ಎಲ್ಲಿ ನಿಂತರೆ ರೇಂಜ್ ಸಿಗುತ್ತದೆ. ನಮ್ಮ ಜಿಲ್ಲೆಯವರಿಗೆ ದೊಡ್ಡ ಪೆಟ್ಟು ಎಂದರೆ ಮಂಗಳೂರೇ ಗತಿ. 2020ರ ಮಾರ್ಚಿನಲ್ಲಿ ಕೊರೋನಾದ ಹೊತ್ತಿಗೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ಅಲ್ಲೇ ನಿಂತವು, ರೋಗಿಗಳು ತೀರಿಕೊಂಡರು. ಆ ದಿನಗಳನ್ನು ನಾವು ಯಾರೂ ಮರೆತಿಲ್ಲ. ದೂರ ಇಷ್ಟಿರುವಾಗ ಗುಡ್ಡೆಯ ಮೇಲಿನ ಮೊದಲ ಹತ್ತು ನಿಮಿಷದ ಬೆಲೆ ಜಾಸ್ತಿ.

ಕಣ್ಣಿಗೆ ಕಾಣದ ಪೆಟ್ಟೂ ಇದೆ. ಮೆಷಿನ್ ಸದ್ದು ನೂರು ಡೆಸಿಬೆಲ್ ದಾಟುತ್ತದೆ. ಕಿವಿಗೆ ಏನೂ ಇಲ್ಲದೆ ಆ ಸದ್ದಿನಲ್ಲಿ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಇರಬಾರದು. ಇವರು ಏಳೆಂಟು ಗಂಟೆ ಇರುತ್ತಾರೆ. ಮೆಷಿನಿನ ನಡುಕದಿಂದ ಬೆರಳು ಬೆಳ್ಳಗಾಗಿ ಮರಗಟ್ಟುವ ಕಾಯಿಲೆಯೂ ಬರುತ್ತದೆ. ಬೆಳಿಗ್ಗೆ ಅಂಗಿಯ ಗುಬ್ಬಿ ಹಾಕಲು ಆಗುವುದಿಲ್ಲ ಎಂದು ಒಬ್ಬರು ನನ್ನ ಹತ್ತಿರ ಹೇಳಿದ್ದರು. ಹೀಗೆ ಆದವರು ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಮಳೆಗಾಲದಲ್ಲಿ ಕೆಸರಿನಲ್ಲಿ, ತೋಡಿನಲ್ಲಿ ಮರ ಎಳೆಯುವವರು ಇಲಿಜ್ವರದ ಬಗ್ಗೆ ನೆನಪಿಡಿ. ಕಾಲಿನಲ್ಲಿ ಗಾಯ ಇದ್ದರೆ ಬೂಟಿಲ್ಲದೆ ಇಳಿಯಬಾರದು. ತಡೆಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸರಕಾರಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಕೇಳಿ ತೆಗೆದುಕೊಳ್ಳಿ.

ಕಾರಡ್ಕದ ವಾಚರ್

ನಾನು ಕಾಡಿನಲ್ಲಿ ದಿನಗೂಲಿಯಲ್ಲಿ ಬೆಂಕಿ ಕಾಯುವ ಕೆಲಸ ಮಾಡಿದವನು. ನರ್ಸಕ್ಕನ ಮಾತು ಓದಿ ಬರೆಯಬೇಕು ಅನ್ನಿಸಿತು.

2020ರ ಫೆಬ್ರವರಿಯಲ್ಲಿ ತೃಶ್ಶೂರು ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಅಕೇಶಿಯಾ ತೋಪಿನ ಬೆಂಕಿ ನಂದಿಸಲು ಹೋದ ಮೂವರು ವಾಚರುಗಳು ಬೆಂಕಿಯ ನಡುವೆ ಸಿಕ್ಕಿ ತೀರಿಕೊಂಡರು. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲ. ಒಣಗಿ ದಪ್ಪ ಹಾಸಿಗೆಯ ಹಾಗೆ ಬಿದ್ದಿರುತ್ತದೆ. ಬೆಂಕಿ ಬಂದರೆ ಗಾಳಿಯ ಜೊತೆ ಓಡುತ್ತದೆ. ಗುಡ್ಡೆ ಏರಿನಲ್ಲಿ ಇನ್ನೂ ಜೋರು.

ಬೆಂಕಿಯ ಮುಂದೆ ಗುಡ್ಡೆ ಹತ್ತಿ ಓಡಬಾರದು. ಮನುಷ್ಯ ಸೋಲುತ್ತಾನೆ. ಬದಿಗೆ ಸರಿಯಬೇಕು. ಈಗಾಗಲೇ ಸುಟ್ಟು ಮುಗಿದ ಜಾಗಕ್ಕೆ ಸೇರಬೇಕು. ಪಾಲಿಸ್ಟರ್ ಅಂಗಿ ಮೈಗೆ ಕರಗಿ ಅಂಟುತ್ತದೆ, ಹತ್ತಿ ಬಟ್ಟೆ ಹಾಕಿ. ಒಬ್ಬನೇ ಹೋಗಬೇಡಿ. ಗಾಳಿ ನೋಡಲು ಒಬ್ಬ ಎತ್ತರದಲ್ಲಿ ನಿಲ್ಲಲೇಬೇಕು.

ಮೆಷಿನಿಗೆ ಪೆಟ್ರೋಲ್ ಹಾಕುವವರೂ ಇದನ್ನು ನೆನಪಿಡಬೇಕು. ಬಿಸಿ ಮೆಷಿನಿಗೆ ಹಾಕಬೇಡಿ. ತಣಿಯಲಿ. ಹಾಕಿದ ಜಾಗದಿಂದ ಹತ್ತು ಅಡಿ ಆಚೆ ಹೋಗಿ ಸ್ಟಾರ್ಟ್ ಮಾಡಿ. ಬೀಡಿ ಆ ಕಡೆ ಬರಲೇಬಾರದು.

ಎಣ್ಮಕಜೆಯ ಮಗಳು

ಎಲ್ಲ ಓದಿದೆ. ನನಗೆ ಒಂದು ಹಳೆಯ ವಿಷಯ ಹೇಳಬೇಕು.

ನಮ್ಮ ಗುಡ್ಡೆಗಳ ಮೇಲೆ ಸರಕಾರಿ ಗೇರು ತೋಟ. ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅದಕ್ಕೆ ನಿಯಮ ಇರಲಿಲ್ಲವಾ? ಇತ್ತು. 1971ರ ಕೀಟನಾಶಕ ನಿಯಮಗಳಲ್ಲಿ ಬರೆದಿದೆ. ಆಕಾಶದಿಂದ ಸಿಂಪಡಿಸುವ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು. ಜಾಗಕ್ಕೆ ಗುರುತು ಹಾಕಬೇಕು. ಒಪ್ಪಿಗೆ ಪಡೆದ ಎತ್ತರದಿಂದಲೇ ಸಿಂಪಡಿಸಬೇಕು. ತೊಳೆದುಕೊಳ್ಳಲು, ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಇರಬೇಕು. ಸಂಬಂಧ ಇಲ್ಲದವರು, ದನಕರು ಒಳಗೆ ಬಾರದ ಹಾಗೆ ನೋಡಬೇಕು.

ನಮ್ಮಲ್ಲಿ ನೀರು ಬರುವುದು ಸುರಂಗದಿಂದ. ಗುಡ್ಡೆಯ ಹೊಟ್ಟೆಯೊಳಗಿಂದ ಹರಿದು ಬಂದು ಅಂಗಳದ ಮದಕಕ್ಕೆ (ನೀರು ನಿಲ್ಲುವ ಸಣ್ಣ ಕೆರೆಗೆ) ಬೀಳುತ್ತದೆ. ಬಾವಿಗೆ ಮುಚ್ಚಳ ಹಾಕಬಹುದು. ಗುಡ್ಡೆಗೆ ಮುಚ್ಚಳ ಹಾಕಲು ಆಗುತ್ತದಾ? ತೋಟದಲ್ಲಿ ಕೆಲಸ ಮಾಡಿದವರು, ಕೆಳಗಿನ ಮನೆಯವರು, ಹುಟ್ಟಿದ ಮಕ್ಕಳು ಅನುಭವಿಸಿದ್ದು ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರ ಕೊಡಿ ಎಂದು ಹೇಳಿದ್ದು 2017ರ ಜನವರಿಯಲ್ಲಿ.

ನಿಯಮ ಕಾಗದದಲ್ಲಿ ಇದ್ದರೆ ಏನಾಗುತ್ತದೆ ಎಂದು ನಮ್ಮ ಪಂಚಾಯತಿನಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಸೀತಾಂಗೋಳಿಯಿಂದ ಒಬ್ಬ

ಅಕ್ಕ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇಲ್ಲಿ ಮರ ಕಡಿಯುವ ವಿಷಯ ಅಲ್ವಾ? ಅದು ಬೇರೆ, ಇದು ಬೇರೆ ಅನ್ನಿಸುತ್ತದೆ.

ಎಣ್ಮಕಜೆಯ ಮಗಳು

ಬೇರೆ ಅಲ್ಲ ಅಣ್ಣ. ಇವತ್ತು ಮರ ಕಡಿಯುವ ಮೆಷಿನಿನ ಚೈನಿಗೆ ಯಾವ ಎಣ್ಣೆ ಹಾಕುತ್ತಾರೆ? ವರ್ಕ್‌ಶಾಪಿನಿಂದ ತಂದ ಸುಟ್ಟ ಎಂಜಿನ್ ಆಯಿಲ್. ಅಗ್ಗ ಎಂದು. ಆ ಎಣ್ಣೆ ಎಲ್ಲಿಯೂ ತಿರುಗಿ ಬರುವುದಿಲ್ಲ. ಅಷ್ಟೂ ಚಿಮ್ಮಿ ಕಡಿಯುವವನ ಮೈಮೇಲೆ, ಮಣ್ಣಿನ ಮೇಲೆ ಬೀಳುತ್ತದೆ. ಚರ್ಮಕ್ಕೆ ಅದು ಕೆಟ್ಟದು, ಕ್ಯಾನ್ಸರ್ ತರುವ ಅಂಶ ಅದರಲ್ಲಿದೆ. ಮೊದಲ ಮಳೆಗೆ ತೋಡಿಗೆ ಇಳಿಯುತ್ತದೆ. ಮತ್ತೆ ಅದೇ ಸುರಂಗ, ಅದೇ ಮದಕ. ಮೇಲೆ ಕೆಲಸ ಮಾಡುವವನ ಆರೋಗ್ಯ, ಕೆಳಗೆ ನೀರು ಕುಡಿಯುವವನ ಆರೋಗ್ಯ ಒಂದೇ ದಾರದಲ್ಲಿ ಇದೆ.

ಅಡೂರಿನ ಮೆಷಿನ್ ಕೆಲಸದವ

ಅಕ್ಕ ಹೇಳಿದ್ದು ನನಗೆ ನಾಟಿತು. ನಾನೂ ತುಂಬಾ ವರ್ಷ ಸುಟ್ಟ ಎಣ್ಣೆಯನ್ನೇ ಹಾಕಿದ್ದೇನೆ. ಚೈನಿಗೆಂದೇ ಸಿಗುವ ಹೊಸ ಎಣ್ಣೆ ಇದೆ, ಸಸ್ಯದ ಎಣ್ಣೆಯಿಂದ ಮಾಡಿದ್ದೂ ಇದೆ. ಚೈನ್ ಹರಿತ ಇದ್ದು ಸರಿಯಾಗಿ ಬಿಗಿದಿದ್ದರೆ ಎಣ್ಣೆ ಕಡಿಮೆ ಸಾಕು. ತೋಡಿನ ಬದಿಯ ಮರವನ್ನು ತೋಡಿನೊಳಗೆ ಬೀಳಿಸಬಾರದು. ಕಡಿದ ಮರವನ್ನು ತೋಡಿನಲ್ಲಿ ಎಳೆದರೆ ದಡ ಕುಸಿಯುತ್ತದೆ. ಸವರಿದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕಿ. ಮಳೆಗೆ ಮಣ್ಣು ನಿಲ್ಲುತ್ತದೆ.

ಮುಳ್ಳೇರಿಯಾ ಮಾಷ್ಟ್ರು

ದುಡ್ಡಿನ ಬಗ್ಗೆ ಒಂದು ಉಪಯೋಗದ ಮಾತು. ಬ್ಯಾಂಕ್ ಖಾತೆ ಇದ್ದ ಯಾರಾದರೂ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. 18ರಿಂದ 70 ವರ್ಷದವರೆಗೆ. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ, ಪೂರ್ತಿ ಅಂಗವಿಕಲರಾದರೆ 2 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ. ಆದರೂ ಕೆಲಸಕ್ಕೆ ಬಂದವರಿಗೆ ಮಾಲೀಕರೇ ಇದನ್ನು ಮಾಡಿಸಬಹುದು. ಒಂದು ಚಹಾ, ತಿಂಡಿಯ ದುಡ್ಡು.

ಭಾಷೆಯ ಬಗ್ಗೆ. 1969ರ ಕೇರಳದ ರಾಜಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿತು. ಎಚ್ಚರಿಕೆಯ ಫಲಕ ಕನ್ನಡದಲ್ಲೂ ಬೇಕು ಎಂದು ನಾವು ಪಂಚಾಯತಿಗೆ ಅರ್ಜಿ ಕೊಡಬೇಕು. ನಾನು ಬರೆದು ಕೊಡುತ್ತೇನೆ. ನಾವು ನಮಗೆ ಕನ್ನಡ ಬೇಕು ಎಂದು ಕೇಳುವಾಗ, ನಮ್ಮ ಗುಡ್ಡೆಯಲ್ಲಿ ದುಡಿಯುವ ಹುಡುಗನಿಗೆ ಅವನ ಭಾಷೆ ಬೇಕು ಎಂಬುದೂ ನೆನಪಿರಲಿ.

ಪೆರ್ಲದ ಗುಡ್ಡೆಮನೆ

ಎಲ್ಲರಿಗೂ ಹೇಗೆ ಉಪಕಾರ ಹೇಳುವುದು ಗೊತ್ತಿಲ್ಲ. ಎರಡು ದಿನ ಯೋಚಿಸಿದೆ. ವ್ಯಾಪಾರಿಯ ಹತ್ತಿರ ಕೂತು ಮಾತಾಡಿದೆ.

ಬಾಕಿ ಮರಕ್ಕೆ ನನಗೆ ಬರಬೇಕಾದ ದುಡ್ಡಿನಲ್ಲಿ ಸ್ವಲ್ಪ ಕಡಿಮೆ ತೆಗೆದುಕೊಳ್ಳುತ್ತೇನೆ. ಅವರು ಹುಡುಗರಿಗೆ ಮರದ ಲೆಕ್ಕ ಬಿಟ್ಟು ದಿನದ ಸಂಬಳ ಕೊಡುತ್ತಾರೆ. ಎರಡು ಹೆಲ್ಮೆಟ್, ಎರಡು ಕಾಲಿನ ಕವಚ, ಬೂಟು ನಾನು ತೆಗೆದಿದ್ದೇನೆ. ಅದು ನನ್ನ ಮನೆಯಲ್ಲೇ ಇರುತ್ತದೆ. ಊರಿನಲ್ಲಿ ಯಾರು ಮರ ಕಡಿಸಿದರೂ ಒಯ್ಯಬಹುದು. ಬೆಳಿಗ್ಗೆ ಏಳೂವರೆಯಿಂದ ಹತ್ತು ನಿಮಿಷ ನಮ್ಮ ಜಗಲಿಯಲ್ಲಿ ಮಾತು. ಇವತ್ತು ಯಾವ ಮರ, ಯಾವ ಕಡೆಗೆ, ಓಡುವ ದಾರಿ ಯಾವುದು, ಫೋನ್ ಯಾರ ಕೈಯಲ್ಲಿ. ಅದು ಮುಗಿಯದೆ ಮೆಷಿನ್ ಸ್ಟಾರ್ಟ್ ಮಾಡುವುದಿಲ್ಲ. ಜೋರು ಗಾಳಿ, ಮಳೆ ಬಂದರೆ ನಿಲ್ಲಿಸುವುದು, ಆ ದಿನದ ಸಂಬಳ ಕೊಡುವುದು.

ಹುಡುಗನನ್ನು ನಿನ್ನೆ ನೋಡಿ ಬಂದೆ. ಊರುಗೋಲು ಹಿಡಿದು ಅಂಗಳಕ್ಕೆ ಬರುತ್ತಾನೆ. ಈ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ನಾನೇ ಬಂದು ನಮ್ಮ ಭಾಷೆಯಲ್ಲಿ ಹೇಳುತ್ತೇನೆ ಎಂದ. ಸೋಮವಾರ ಅವನನ್ನು ಕಾರಿನಲ್ಲಿ ಕರೆತರುತ್ತೇನೆ.

ಅಡೂರಿನ ಅಣ್ಣ, ನಿಮಗೆ ಬರಲು ಆಗುತ್ತದಾ? ಆ ಹರಿದ ಕವಚ ತಂದರೆ ಒಳ್ಳೆಯದು.

ಅಡೂರಿನ ಮೆಷಿನ್ ಕೆಲಸದವ

ಬರುತ್ತೇನೆ. ಕವಚ, ಬೆಣೆ, ಕೈ ವಿಂಚ್ ಮೂರೂ ತರುತ್ತೇನೆ. ಉದ್ದ ಹಗ್ಗ ನಿಮ್ಮಲ್ಲಿ ಇದೆಯಾ?

ಮರದ ವ್ಯಾಪಾರದವ, ಬೋವಿಕ್ಕಾನ

ಹಗ್ಗ ನನ್ನ ಹತ್ತಿರ ಇದೆ, ಇನ್ನೂರು ಅಡಿ. ನಾನೂ ಬರುತ್ತೇನೆ. ನನ್ನ ಮೂವರು ಹುಡುಗರನ್ನೂ ಕರೆದುಕೊಂಡು ಬರಲಾ?

ಪೆರ್ಲದ ಗುಡ್ಡೆಮನೆ

ಕರೆದುಕೊಂಡು ಬನ್ನಿ ಭಾವ. ಏಳು ಗಂಟೆಗೆ ಮುಟ್ಟಿ. ಎಲ್ಲರಿಗೂ ತಿಂಡಿ ಇಲ್ಲೇ.